ಚೆಡುಗುಡು ಅಂದವನು

ಮೊಳಕಾಲ್ಮೂರಿನ ನಮ್ಮ ಪಕ್ಕದ ಮನೆಯವನು ಮಗ್ಗ ಬಿಟ್ಟು ಕಾಲೇಜಿಗೆ ಹೋದದ್ದೇ ಕಬಡ್ಡಿ ಆಡಲು. ನಾನು ಏನು ಕೇಳಿದರೂ ತೊಡೆ ತಟ್ಟಿಕೊಂಡು "ನೋಡಾನ ಅವ್ವಾ" ಅನ್ನುತ್ತಿದ್ದ.

ಚಳ್ಳಕೆರೆಯಲ್ಲಿ ಸರ್ಕಾರಿ ತಂಡಕ್ಕೆ ಆಯ್ಕೆ ನಡೆಯಿತು. ಗೆದ್ದರೆ ಆಟವೇ ನೌಕರಿ. ನಾನೂ ಹೋಗಿದ್ದೆ. ಅವನು ಮನೆಯ ತೆಲುಗಿನಲ್ಲಿ ಕಬಡ್ಡಿಗೆ ಅನ್ನುವಂತೆ "ಚೆಡುಗುಡು, ಚೆಡುಗುಡು" ಎನ್ನುತ್ತಾ ಮೂವರನ್ನು ಮುಟ್ಟಿ ಬಂದ. ಕಬಡ್ಡಿ ಅನ್ನಲಿಲ್ಲವೆಂದು ರೆಫರಿ ಪಾಯಿಂಟು ಕೊಡಲಿಲ್ಲ.

"ಲೇ, ತೆಲುಗು ಮನ್ಯಾಗೆ ಇಟ್ಕಾ. ಕಬಡ್ಡಿ ಅನ್ನು" ಎಂದೆ.

"ನೋಡಾನ ಅವ್ವಾ."

ಮತ್ತೆ ಹೋದವನು ಕಬಡ್ಡಿ ಕಬಡ್ಡಿ ಎನ್ನುತ್ತಾ, ಸೊಂಟ ಹಿಡಿದ ನಾಲ್ವರನ್ನೂ ಗೆರೆಯವರೆಗೆ ಎಳೆದು ತಂದ. ಆಟ ಮುಗಿದರೂ ಬಾಯಿ ನಿಲ್ಲಲಿಲ್ಲ. ನಿಲ್ಲಿಸಿದರೆ ಎಲ್ಲಿ ಚೆಡುಗುಡು ಬಂದೀತೋ ಎಂಬ ಭಯ.

"ಹೆಸರೇನಪ್ಪಾ?" ಎಂದರು ಆಯ್ಕೆಯ ಸಾಹೇಬರು.

"ಕಬಡ್ಡಿ, ಕಬಡ್ಡಿ."

ಸಾಹೇಬರು ನಕ್ಕೂ ನಕ್ಕೂ ಸುಸ್ತಾಗಿ, ಅವನ ಹೆಸರನ್ನು ನನ್ನನ್ನು ಕೇಳಿ ತಂಡದ ಪಟ್ಟಿಯಲ್ಲಿ ಬರೆದುಕೊಂಡರು.