ಹಿಂದಕ್ಕೆ ಹೋದ ಬಿರುಕು

ಭಾವನನ್ನು ಆ ಸಾಹೇಬ ಮೈಕ್ರೋಸ್ಕೋಪಿನ ಮುಂದಿನಿಂದ ಎಬ್ಬಿಸಿ ಗೋದಾಮಿಗೆ ಅಟ್ಟಿದ್ದನ್ನು ನೆನೆದರೆ ಮೆಣಸಿನಕಾಯಿ ಇವತ್ತಿಗೂ ಹಲ್ಲು ಕಡಿಯುತ್ತಾನೆ. ಕಣ್ಣಿನ ಡಾಕ್ಟರಿಗೆ ತೋರಿಸಲಿಲ್ಲ, ಹಿಂದುಮುಂದು ವಿಚಾರಿಸಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಒಂದೇ ಮಾತಿನಲ್ಲಿ ಎಳ್ಳುನೀರು ಬಿಟ್ಟ.

ಮೆಣಸಿನಕಾಯಿ ಎಂಬುದು ಜೊತೆಯವರು ಇಟ್ಟ ಹೆಸರು. ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಲೋಹ ಪರೀಕ್ಷಿಸುವ ಆ ಶೆಡ್ಡಿಗೆ ಅವನನ್ನು ಸೇರಿಸಿದ್ದೇ ಅಕ್ಕನ ಗಂಡ. ಅಲ್ಲಿ ಯಂತ್ರವೊಂದು ಮಿಶ್ರಲೋಹದ ತುಂಡನ್ನು ಲಕ್ಷಗಟ್ಟಲೆ ಸಲ ಎಳೆದು ಬಿಡುತ್ತದೆ. ತುಂಡಿನಲ್ಲಿ ಕೂದಲೆಳೆಯಂಥ ಬಿರುಕು ಬೆಳೆಯುತ್ತದೆ. ಗಂಟೆಗೊಮ್ಮೆ ಅದರ ತುದಿ ಹುಡುಕಿ ಉದ್ದ ಬರೆಯಬೇಕು. "ಕಂಡಷ್ಟೇ ಬರಿಯೋ, ಕಂಡಂಗಾಯ್ತು ಅಂತ ಬರೀಬೇಡ," ಎಂದು ಕಲಿಸಿದವರೂ ಭಾವನೇ.

ಆ ಮಧ್ಯಾಹ್ನ ಮೆಣಸಿನಕಾಯಿ ಪಾಲಿಶ್ ಕಾಗದದ ವಿಷಯಕ್ಕೆ ಸ್ಟೋರಿನವನ ಜೊತೆ ಜಗಳಕ್ಕೆ ನಿಂತು, ಎರಡು ಗಂಟೆಗೆ ತೆಗೆಯಬೇಕಿದ್ದ ಅಳತೆ ತಪ್ಪಿಸಿದ. ಪಾಳಿ ಮುಗಿದಿತ್ತು. ಒಂದು ಗಂಟೆಗೆ ಬಿರುಕು ಹನ್ನೆರಡು ಮಿಲಿಮೀಟರ್ ಇತ್ತು, ಗಂಟೆಗೆ ಅರ್ಧ ಬೆಳೆಯುತ್ತಿತ್ತು. ನೋಡದೆಯೇ ಹನ್ನೆರಡೂವರೆ ಎಂದು ಗೀಚಿ ಮನೆಗೆ ಹೊರಟ. ಆದರೆ ನಡುವೆ ಯಂತ್ರ ಒಮ್ಮೆ ಭಾರಿ ಎಳೆತ ಕೊಟ್ಟಿತ್ತು. ಅಂಥ ಎಳೆತ ತಿಂದ ಬಿರುಕು ಸ್ವಲ್ಪ ಹೊತ್ತು ಬೆಳೆಯದೆ ನಿಂತುಬಿಡುತ್ತದೆ. ಸಿಟ್ಟಿನಲ್ಲಿ ಅವನಿಗೆ ಅದು ಮರೆತೇಹೋಗಿತ್ತು. ಮುಂದಿನ ಪಾಳಿಗೆ ಬಂದ ಭಾವ ಮೂರಕ್ಕೆ ಕಂಡದ್ದನ್ನೇ ಬರೆದರು: ಹನ್ನೆರಡು.

ಮರುದಿನ ಸಾಹೇಬ ಅಳತೆಯ ಕಾಗದ ನೋಡುವಷ್ಟರಲ್ಲಿ ತುಂಡು ಮುರಿದಾಗಿತ್ತು, ಮತ್ತೆ ಅಳೆದು ನೋಡುವಂತಿರಲಿಲ್ಲ. ಅವನು ಭಾವನನ್ನು ಕೇಳಿದ:

"ಬಿರುಕು ಹಿಂದಕ್ಕೆ ಹೋಗುತ್ತೇನ್ರೀ? ಅದೇನು ಗಾಯಾನಾ, ಮಾಯೋಕೆ? ನಿಮ್ಮ ಕಣ್ಣು ಮಂಜಾಗಿದೆ, ಏಳಿ."

ಮೆಣಸಿನಕಾಯಿ ಸಾಹೇಬನ ಮೇಲೆ ಹಾರಾಡಿದ, ಕೂಗಾಡಿದ. ಹನ್ನೆರಡೂವರೆ ಎಂದು ತಾನು ನೋಡದೆ ಬರೆದದ್ದನ್ನು ಮಾತ್ರ ಹೇಳಲಿಲ್ಲ.

ಅಂದಿನಿಂದ ಭಾವ ತಮ್ಮ ಕಣ್ಣನ್ನು ತಾವೇ ನಂಬದಾದರು. ಬಸ್ಸಿನ ನಂಬರ್ ಓದಿಯೂ ಪಕ್ಕದವರನ್ನು ಕೇಳುವರು. ರಸ್ತೆ ದಾಟಲು ಅಕ್ಕನ ಕೈ ಹಿಡಿಯುವರು.

"ಇವರಿಗೆ ಸೊಳ್ಳೆ ಕಾಲೂ ಕಾಣುತ್ತೆ ಕಣೋ, ಕಾಣಲ್ಲ ಅಂತ ಕೂತಿದ್ದಾರೆ," ಎಂದು ಅಕ್ಕ ಅತ್ತಳು.

ಎದೆನೋವೆಂದು ಆಸ್ಪತ್ರೆ ಸೇರಿದಾಗ ಭಾವನೇ ಕೇಳಿದರು: "ನಿಜ ಹೇಳೋ. ಅವತ್ತು ನಿಂಗೆ ಹನ್ನೆರಡೂವರೆ ಕಾಣಿಸ್ತಾ?"

ಅವನು ಕಿಟಕಿಯತ್ತ ತಿರುಗಿದ. "ಕಾಣಿಸ್ತು, ಭಾವ."

"ಸರಿ ಬಿಡು. ಹಾಗಾದ್ರೆ ನಂದೇ ತಪ್ಪು."

ನಾಳೆ ಹೇಳಿದರಾಯಿತು ಎಂದುಕೊಂಡು ಬಂದ. ಬೆಳಿಗ್ಗೆ ಹೋದಾಗ ಮಂಚ ಖಾಲಿಯಿತ್ತು. ನರ್ಸು ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ನಿಮ್ಮ ಕಣ್ಣು ಸರಿಯಾಗೇ ಇತ್ತು ಎಂಬ ಮಾತು ಭಾವನಿಗೆ ಸಲ್ಲಬೇಕಿತ್ತು. ಸಲ್ಲಲಿಲ್ಲ. ಅಕ್ಕನಿಗಾದರೂ ಹೇಳಬಹುದಿತ್ತು, ಹನ್ನೊಂದು ವರ್ಷವಾಯಿತು, ಹೇಳಿಲ್ಲ.