ದುಂಡು ಕಾಲರಿನ ಪ್ಲೇಟು

ಕೋಟಿನ ಮಾಸ್ತರರು ಪಾಠ ಹೇಳಿದವರಲ್ಲ, ಹೊಲಿದವರು. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರನ್ನು ಮಾಸ್ತರರೆಂದೇ ಕರೆಯುತ್ತಾರೆ. ಅದರಲ್ಲೂ ಇವರು ಹೊಲಿದ ಕೋಟು ತೊಟ್ಟರೆ ಬೆನ್ನು ಬಾಗಿದವರೂ ನೆಟ್ಟಗೆ ನಿಂತಂತೆ ಕಾಣುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡುಬಿಟ್ಟಿತು. ವಯಸ್ಸು ಎಪ್ಪತ್ತೆರಡು ದಾಟಿದ್ದರೂ ಬೆಳಿಗ್ಗೆ ಹತ್ತು ಹೊಡೆಯುವ ಹೊತ್ತಿಗೆ ಕೊರಳಿಗೆ ಟೇಪು ಹಾಕಿಕೊಂಡು ಕತ್ತರಿ ಮೇಜಿನ ಮುಂದೆ ನಿಂತಿರುತ್ತಾರೆ.

ಬೀದಿಯವರಿಗೆ ಅವರ ಇನ್ನೊಂದು ಹುಚ್ಚೂ ಗೊತ್ತು. ಇಸ್ತ್ರಿ ಮೇಜಿನ ಪಕ್ಕದಲ್ಲಿ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ಇದೆ. ಹೊಲಿಗೆ ಯಂತ್ರದ ಸದ್ದಿನ ಜೊತೆಗೆ ಅಲ್ಲಿಂದ ಜಾಝ್ ಸಂಗೀತ ಕೇಳಿಬರುತ್ತದೆ. ಎದುರುಮನೆಯವರು, "ಮಾಸ್ತರೇ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದೆಯೋ ಏನೋ ನೋಡ್ರೀ" ಎಂದು ರೇಗಿಸುವುದುಂಟು. ಮಾಸ್ತರರು ನಕ್ಕು ಸದ್ದು ಸ್ವಲ್ಪ ತಗ್ಗಿಸುತ್ತಾರೆ. ಬೀದಿ ತಿರುವಿನ ಔಷಧಿ ಅಂಗಡಿಯವರಿಗೂ ಇದೇ ಹುಚ್ಚು. ಅವರ ಅಂಗಡಿಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಜನ ಸೇರಿ ಪ್ಲೇಟು ಕೇಳುತ್ತಾರೆ.

ಒಂದು ದಿನ ಔಷಧಿ ಅಂಗಡಿಯವರು ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬಂದರು.

"ಮಾಸ್ತರೇ, ಈ ಭಾನುವಾರ ಹೊಸ ಯೋಚನೆ ಮಾಡಿದ್ದೀವಿ. ತಾವು ಕೊಂಡ ಮೊದಲನೇ ಜಾಝ್ ಪ್ಲೇಟಿನ ಕಥೆ ಒಬ್ಬೊಬ್ಬರೂ ಹೇಳಬೇಕು. ಶುರು ನಿಮ್ಮಿಂದಲೇ."

"ಅಯ್ಯೋ, ನನಗೆ ಮಾತಾಡೋಕೆ ಬರಲ್ಲ ಸಾರ್."

"ಗಿರಾಕಿಗಳಿಗೆ ನಾಳೆ ಬನ್ನಿ, ನಾಳೆ ಬನ್ನಿ ಅಂತ ನಲವತ್ತು ವರ್ಷದಿಂದ ಮಾತಾಡ್ತಾನೇ ಇದ್ದೀರಲ್ಲ! ಹತ್ತು ನಿಮಿಷ ಸಾಕು. ನಿಮ್ಮ ಹೆಸರು ಹೇಳಿದ್ದೇ ಟೀಚರಮ್ಮ."

ಟೀಚರಮ್ಮ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾಸ್ತರರ ಕೈಯಲ್ಲಿದ್ದ ಗುಂಡುಸೂಜಿ ಬಟ್ಟೆ ಬಿಟ್ಟು ಹೆಬ್ಬೆರಳಿಗೆ ನೆಟ್ಟಿತು.

ಅದು ಮೂವತ್ತೊಂದು ವರ್ಷದ ಹಿಂದಿನ ಮಾತು. ಹಳೆಯ ಸಾಮಾನಿನ ಅಂಗಡಿಯೊಂದರ ಹೊರಗೆ ಪ್ಲೇಟುಗಳ ಪೆಟ್ಟಿಗೆ ಇಟ್ಟಿದ್ದರು. ಎಲ್ಲಕ್ಕಿಂತ ಮೇಲಿದ್ದ ಕವರಿನಲ್ಲಿ ಒಬ್ಬ ಮನುಷ್ಯ ಎರಡೂ ಮೊಳಕೈ ಎತ್ತಿ ಟ್ರಂಪೆಟ್ ಊದುತ್ತಿದ್ದ. ಮಾಸ್ತರರ ಕಣ್ಣು ಟ್ರಂಪೆಟ್ಟಿನ ಮೇಲೆ ಹೋಗಲೇ ಇಲ್ಲ. ಕೋಟಿನ ಮೇಲೆ ನಿಂತಿತು. ಕೈ ಎತ್ತಿದರೆ ಕೋಟಿನ ಭುಜ ಕಿವಿಯ ಕಡೆಗೆ ಏರಲೇಬೇಕು. ಆದರೆ ಈ ಪುಣ್ಯಾತ್ಮನ ಕೋಟು ಒಂದು ಸುಕ್ಕೂ ಇಲ್ಲದೆ ಮೈಗೆ ಅಂಟಿ ನಿಂತಿತ್ತು. ಇದನ್ನು ಕತ್ತರಿಸಿದ ಕೈ ಯಾರದೋ ಎಂದು ಅವರಿಗೆ ಹೊಟ್ಟೆಕಿಚ್ಚಾಯಿತು. ಮನೆಯಲ್ಲಿ ಪ್ಲೇಯರ್ ಇಲ್ಲದಿದ್ದರೂ ಆ ಪ್ಲೇಟನ್ನು ಕೊಂಡು ತಂದರು. ಅದೇ ಅವರು ಕೊಂಡ ಮೊದಲ ಜಾಝ್ ಪ್ಲೇಟು.

ಕವರನ್ನು ಗೋಡೆಗೆ ಹೊಡೆದು, ಕೆಂಪು ಪೆನ್ಸಿಲಿನಿಂದ ಆ ಕೋಟಿನ ಮೇಲೆ ಗೆರೆ ಎಳೆದೂ ಎಳೆದೂ, ತೋಳಿನ ಬುಡವನ್ನು ಕಂಕುಳಿಗೆ ಎಷ್ಟು ಹತ್ತಿರ ಕೊರೆದರೆ ಹಾಗೆ ಕೂರುತ್ತದೆಂದು ಕಂಡುಹಿಡಿದರು. ಆ ಮೇಲೆಯೇ ಅವರ ಕೋಟಿಗೆ ಹೆಸರು ಬಂದದ್ದು.

ಇನ್ನು ಒಳಗಿದ್ದ ಪ್ಲೇಟು? ಆಗ ಒಂದು ಶಾಲೆಯಿಂದ ನೂರಿಪ್ಪತ್ತು ಹುಡುಗಿಯರ ಫ್ರಾಕಿನ ಕೆಲಸ ಬಂದಿತ್ತು. ಎಲ್ಲಕ್ಕೂ ದುಂಡು ಕಾಲರು. ರಟ್ಟಿನ ಅಚ್ಚು ಎರಡು ದಿನಕ್ಕೆ ಅಂಚು ಸವೆದು ಸೊಟ್ಟಗಾಗುತ್ತಿತ್ತು. ಪ್ಲೇಟೋ, ಬಾಗುವುದಿಲ್ಲ, ಸವೆಯುವುದಿಲ್ಲ. ಮಧ್ಯದಲ್ಲಿ ಮೊಳೆ ಕೂರಿಸಲು ತೂತು ಬೇರೆ! ಹೊಲಿಗೆಯವರಿಗಾಗಿಯೇ ಹೇಳಿ ಮಾಡಿಸಿದಂತಿತ್ತು. ಮಾಸ್ತರರು ಅದನ್ನು ಬಟ್ಟೆಯ ಮೇಲಿಟ್ಟು, ಅಂಚಿನ ಸುತ್ತ ಹಲ್ಲಿನ ಗಾಲಿ ಓಡಿಸಿ ಗುರುತು ಹಾಕಿದರು. ಗಾಲಿ ಜಾರಿದಾಗಲೆಲ್ಲ ಪ್ಲೇಟಿನ ಮೇಲೆ ಇರುವೆ ಸಾಲಿನಂಥ ಗೀರು ಬೀಳುತ್ತಿತ್ತು. ಕಾಲರಿಗೆ ಏನೂ ಆಗುತ್ತಿರಲಿಲ್ಲವಲ್ಲ, ಅವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಆ ಕೆಲಸದ ನಡುವೆಯೇ ಒಂದು ಮಧ್ಯಾಹ್ನ ಟೀಚರಮ್ಮ ಅಂಗಡಿಗೆ ಬಂದರು. ಪಕ್ಕದ ಬೀದಿಯವರು, ಭೂಗೋಳ ಕಲಿಸುತ್ತಿದ್ದವರು. ಕೈಯಲ್ಲಿ ತೀರಿಹೋದ ಗಂಡನ ಕೋಟು.

"ನನಗಾಗೋ ಹಾಗೆ ಇದನ್ನ ಚಿಕ್ಕದು ಮಾಡಿ ಕೊಡ್ತೀರಾ?" ಎಂದು ಕೇಳುತ್ತಿದ್ದವರ ಮಾತು ಅರ್ಧಕ್ಕೆ ನಿಂತಿತು. ಗೋಡೆಯ ಹತ್ತಿರ ಹೋಗಿ ಕವರಿನ ಮೂಲೆ ಮುಟ್ಟಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ತಾರೀಖು ಇತ್ತು.

"ಇದು ನಮ್ಮನೇದು. ನಮ್ಮೆಜಮಾನರ ಕೈಬರಹ. ಅವರು ಕೊಂಡ ಮೊದಲನೇ ಪ್ಲೇಟು ಇದು. ಅವರು ಹೋದ ಮೇಲೆ ಮನೆಯಲ್ಲಿ ನೋಡೋಕಾಗದೆ ಎಲ್ಲ ಪೆಟ್ಟಿಗೆಗೆ ತುಂಬಿ ಕೊಟ್ಟುಬಿಟ್ಟೆ. ಆಮೇಲೆ ಇದೊಂದಕ್ಕೆ ಎಷ್ಟು ಕಡೆ ಅಲೆದೆ ಅಂತೀರಿ!" ತಿರುಗಿ ಕೇಳಿದರು, "ಪ್ಲೇಟು ಇದೆಯಾ? ಒಂದೇ ಒಂದು ಸಲ ಕೇಳಿ ಕೊಡ್ತೀನಿ."

ಪ್ಲೇಟು ಮಾಸ್ತರರ ಅಂಗೈ ಕೆಳಗೇ ಇತ್ತು. ಅವರು ಮೆಲ್ಲಗೆ ಬಟ್ಟೆಯನ್ನು ಅದರ ಮೇಲೆ ಎಳೆದರು.

"ನನಗೆ ಸಿಕ್ಕಿದ್ದು ಖಾಲಿ ಕವರು ಅಮ್ಮ."

ಸುಳ್ಳು ಇಸ್ತ್ರಿ ಮಾಡಿದ ಹಾಗೆ ನುಣ್ಣಗೆ ಹೊರಬಂತು. ಕವರನ್ನಾದರೂ ತೆಗೆದುಕೊಳ್ಳಿ ಎಂದರೆ ಟೀಚರಮ್ಮ ಒಪ್ಪಲಿಲ್ಲ. "ಬೇಡ, ಇಲ್ಲೇ ಇದ್ದರೆ ನಾಲ್ಕು ಜನ ನೋಡ್ತಾರೆ" ಎಂದು ಕಣ್ಣೊರೆಸಿಕೊಂಡು ಹೋದರು.

ಕೋಟು ತೆಗೆದುಕೊಂಡು ಹೋಗಲು ಬಂದ ದಿನ ಅವರ ಕೈಯಲ್ಲಿ ಒಂದು ಪ್ಲೇಟು ಇತ್ತು. "ಅದೇ ಮನುಷ್ಯ ಊದಿದ್ದು. ಬೀರುವಿನ ಹಿಂದೆ ಒಂದು ಉಳಿದುಹೋಗಿತ್ತು. ಖಾಲಿ ಕವರು ಇಟ್ಟುಕೊಂಡು ಏನು ಕೇಳ್ತೀರಿ ಪಾಪ, ಇದನ್ನ ಕೇಳಿ" ಎಂದು ಮೇಜಿನ ಮೇಲಿಟ್ಟರು. ಹೇಳಿಬಿಡೋಣ ಎಂದು ಮಾಸ್ತರರು ಬಾಯಿ ತೆರೆದರು. ಹೊರಟದ್ದು, "ತೋಳು ಸರಿಯಾಗಿದೆಯಾ ಅಮ್ಮ?" ಎಂಬ ಮಾತು.

ಕೊಟ್ಟ ಪ್ಲೇಟನ್ನು ಕೇಳದಿದ್ದರೆ ಆಕೆಯ ಮುಂದೆ ಏನು ಹೇಳುವುದು? ಹಾಗಾಗಿ ಪ್ಲೇಯರ್ ಬಂತು. ಕೇಳಿದರು, ಮತ್ತೆ ಮತ್ತೆ ಕೇಳಿದರು, ಹುಚ್ಚು ಹಿಡಿಸಿಕೊಂಡರು. ಅದು ಹೇಗೆ ಶುರುವಾಯಿತೆಂದು ಯಾರಾದರೂ ಕೇಳಿದರೆ, ರೇಡಿಯೋದಲ್ಲಿ ಕೇಳಿ ಮೈ ಜುಮ್ಮೆಂದು ಹೋಗಿ ಪ್ಲೇಟು ಹುಡುಕಿದೆನೆಂದೂ, ಕವರು ಮಾತ್ರ ಸಿಕ್ಕಿತೆಂದೂ ಕಥೆ ಕಟ್ಟಿದರು. ಟೀಚರಮ್ಮನಿಗೆ ಆ ಕಥೆ ಬಹಳ ಇಷ್ಟ.

ಶನಿವಾರ ಊಟಕ್ಕೆ ಕೂತಾಗ ಹೆಂಡತಿ ಕೇಳಿದರು, "ನಾಳೆ ಯಾವ ಕಥೆ ಹೇಳ್ತೀರಿ? ರೇಡಿಯೋದ್ದೋ, ನಿಜದ್ದೋ?"

"ನಿಜ ಹೇಳಿದರೆ ಅವರ ಮುಖ ಹೇಗೆ ನೋಡ್ಲಿ?"

"ಈಗೇನು ನೋಡ್ತಾ ಇದ್ದೀರಾ? ಮೂವತ್ತು ವರ್ಷದಿಂದ ಅವರ ಭುಜ ಮಾತ್ರ ನೋಡ್ತಾ ಇದ್ದೀರಿ. ಆ ಕಾಲರುಗಳಿಗೆಲ್ಲ ಅಂಚು ಹೊಲಿದವಳು ನಾನು, ನನಗೆ ಗೊತ್ತಿಲ್ವೇನ್ರೀ?"

ಮಾಸ್ತರರು ಎದ್ದು ಹೋಗಿ, ಕತ್ತರಿ ಮೇಜಿನ ಕೆಳಗಿನ ಖಾನೆಯಿಂದ ಆ ಹಳೆಯ ಪ್ಲೇಟು ತೆಗೆದು ದಿಂಬಿನ ಚೀಲಕ್ಕೆ ಹಾಕಿದರು. ತೆಗೆದುಕೊಂಡು ಹೋಗುವುದೆಂದು ಮಾತ್ರ ತೀರ್ಮಾನಿಸಿದ್ದರು, ತೋರಿಸುವುದೆಂದಲ್ಲ.

ಮಹಡಿಯ ಕೋಣೆಗೆ ಕೆಳಗಿನಿಂದ ಕೆಮ್ಮಿನ ಔಷಧಿಯ ವಾಸನೆ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಟೀಚರಮ್ಮ. ಎಂಬತ್ತನಾಲ್ಕರ ಮೈ ಕುಗ್ಗಿತ್ತು. ಮಾಸ್ತರರು ಚಿಕ್ಕದು ಮಾಡಿಕೊಟ್ಟ ಕೋಟು ಮಾತ್ರ ನೆಟ್ಟಗಿತ್ತು. ಮಾಸ್ತರರು ಎದ್ದು ನಿಂತು, "ಒಂದು ದಿನ ರೇಡಿಯೋದಲ್ಲಿ..." ಎಂದು ಶುರು ಮಾಡಿದರು. ಮುಂದಿನದು ತಮಗೆ ಗೊತ್ತೆನ್ನುವಂತೆ ಟೀಚರಮ್ಮ ನಗುತ್ತ ತಲೆಯಾಡಿಸಿದರು. ಮಾಸ್ತರರು ಕಥೆಯನ್ನು ಅಲ್ಲಿಗೇ ಬಿಟ್ಟರು.

"ರೇಡಿಯೋ ಇಲ್ಲ, ಏನೂ ಇಲ್ಲ. ನಾನು ಕೋಟು ನೋಡಿ ಕೊಂಡೆ" ಎಂದು, ದಿಂಬಿನ ಚೀಲದಿಂದ ಪ್ಲೇಟು ತೆಗೆದು, ಉಳಿದದ್ದನ್ನೆಲ್ಲ ಹೇಳಿ ಮುಗಿಸಿದರು. ಹತ್ತು ನಿಮಿಷ ಬೇಕಾಗಲಿಲ್ಲ.

"ನಾನು ಕೋಟು ತಂದ ದಿನ ಅದು ಎಲ್ಲಿತ್ತು?" ಟೀಚರಮ್ಮ ಕೇಳಿದರು.

"ನನ್ನ ಕೈ ಕೆಳಗೇ ಇತ್ತು ಅಮ್ಮ."

ಔಷಧಿ ಅಂಗಡಿಯವರು, "ಹೋಗ್ಲಿ ಬಿಡಿ, ಎಂಥಾ ಹಳೇ ಮಾತು..." ಎಂದು ಬಾಯಿ ಹಾಕಿದರು.

"ನೀವು ಸುಮ್ನಿರಿ. ಅದನ್ನ ಹಾಕಿ" ಎಂದರು ಟೀಚರಮ್ಮ.

ಪ್ಲೇಟಿನ ಮೇಲೆ ಮುಳ್ಳು ಇಟ್ಟರು. ಕರಕರ ಸದ್ದಿನ ನಡುವೆ ಟ್ರಂಪೆಟ್ ಎದ್ದಿತು; ಎದ್ದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿಯ ಗೀರಿಗೆ ಎಡವಿ ಹಿಂದಕ್ಕೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಆರನೇ ಸಲಕ್ಕೆ ಟೀಚರಮ್ಮ "ಸಾಕು" ಎಂದರು. ಪ್ಲೇಟನ್ನು ದಿಂಬಿನ ಚೀಲಕ್ಕೆ ಹಾಕಿಸಿಕೊಂಡು, "ಕವರೂ ಕಳಿಸಿಕೊಡಿ" ಎಂದಷ್ಟೇ ಹೇಳಿ, ಚಹಾಕ್ಕೂ ಕಾಯದೆ ಮೆಟ್ಟಿಲಿಳಿದರು. ಅವರು ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು ಮುಗಿಯುವವರೆಗೂ ಮಾಸ್ತರರು ನಿಂತೇ ಇದ್ದರು.

ಮಾರನೆಯ ದಿನ ತಾವೇ ಹೋಗಿ ಕವರು ಕೊಟ್ಟರು. ಬಾಗಿಲು ತೆರೆದ ಕೆಲಸದಾಕೆ ಅದನ್ನು ತೆಗೆದುಕೊಂಡು ಬಾಗಿಲು ಹಾಕಿದಳು. ಅಂಗಡಿಯ ಗೋಡೆಯ ಮೇಲೆ ಬಿಳಿಯ ಚೌಕವೊಂದು ಉಳಿಯಿತು. ಮೂರು ತಿಂಗಳು ಪ್ಲೇಯರ್ ಬಾಯಿ ಬಿಡಲಿಲ್ಲ. ಎದುರುಮನೆಯವರೇ ಬಂದು, "ಬೆಕ್ಕು ಸತ್ತುಹೋಯ್ತೇನ್ರೀ?" ಎಂದು ವಿಚಾರಿಸಿದರು. ಮಾಸ್ತರರಿಗೆ ನಗು ಬರಲಿಲ್ಲ.

ನಾಲ್ಕನೆಯ ತಿಂಗಳು ಟೀಚರಮ್ಮ ಕೋಲೂರಿಕೊಂಡು ಅಂಗಡಿಗೆ ಬಂದರು. ಕೋಟನ್ನು ಮೇಜಿನ ಮೇಲೆ ಹರಡಿದರು.

"ಕಾಲರು ಸವೆದಿದೆ. ತಿರುಗಿಸಿ ಹೊಲಿಯೋಕೆ ಆಗುತ್ತಾ?"

"ಆಗುತ್ತೆ ಅಮ್ಮ."

"ದುಂಡಗೆ ಮಾಡಿಬಿಟ್ಟೀರಿ ಮತ್ತೆ."

ನಗಬೇಕೋ ಬೇಡವೋ ತಿಳಿಯದೆ ಮಾಸ್ತರರು ತಲೆ ಎತ್ತಿದರು. ಟೀಚರಮ್ಮನ ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇತ್ತು. ಇಷ್ಟು ವರ್ಷ ಅದನ್ನು ಅವರು ಕಂಡಿರಲೇ ಇಲ್ಲ.

"ಯಾವಾಗ ಬರಲಿ?" ಎಂದರು ಟೀಚರಮ್ಮ.

ನಾಳೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಮಾಸ್ತರರು ಅದನ್ನು ನುಂಗಿಕೊಂಡು ಕುರ್ಚಿ ಎಳೆದು ಒರೆಸಿದರು.

"ಕೂತ್ಕೊಳ್ಳಿ ಅಮ್ಮ. ಈಗಲೇ ಮಾಡಿಕೊಡ್ತೀನಿ."