ಕಪ್ಪು ಇಂಜಿನ್ನಿನ ಗರಗರ

ಬೆಳಿಗ್ಗೆ ಮುಂದಿನ ಕೋಣೆಯ ಕಿಟಕಿ ತೆರೆಯುವ ಮೊದಲು ಸದ್ದಿನಕ್ಕ ತನ್ನ ಹಳೆಯ ಹಸಿರು ಮಾದರಿ ಇಂಜಿನ್ನನ್ನು ಮೇಜಿನ ಮೇಲಿನ ತುಂಡು ಹಳಿಯ ಮೇಲಿಟ್ಟು, ಕರೆಂಟು ಕೊಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಮೊದಲು ಬಾಯ್ಲರಿನ ಉಸಿರು, ಆಮೇಲೆ ಗಂಟೆ, ಆಮೇಲೆ ಒಂದು ಉದ್ದ ಶಿಳ್ಳೆ, ಒಂದು ಗಿಡ್ಡ ಶಿಳ್ಳೆ. ಅಷ್ಟೂ ಮುಗಿಯುವ ತನಕ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವವಳಲ್ಲ. ಹಾಡುವವರು ಶ್ರುತಿ ಹಿಡಿದ ಮೇಲೆಯೇ ಬಾಯಿ ತೆರೆಯುತ್ತಾರಲ್ಲ, ಹಾಗೆ ಸರಿಯಾದ ಸದ್ದೊಂದನ್ನು ಕಿವಿಗೆ ತುಂಬಿಕೊಂಡ ಮೇಲೆಯೇ ಅವಳು ಬೇರೆಯವರ ಇಂಜಿನ್ನಿಗೆ ಕೈ ಹಾಕುತ್ತಿದ್ದಳು. ಜ್ವರ ಬಂದ ದಿನವೂ ಇದು ತಪ್ಪಿರಲಿಲ್ಲ. ದೇವರಿಗೆ ಕೈ ಮುಗಿಯುವ ಹೊತ್ತನ್ನು ಇಂಜಿನ್ನಿಗೆ ಕೊಡುತ್ತೀಯಲ್ಲ ಎಂದು ಬಸ್ ಓಡಿಸುವ ಗಂಡ ಕೆಣಕಿದರೆ, ಎರಡೂ ಒಂದೇ ಸಲಕ್ಕೆ ಆಗುತ್ತದೆ ಬಿಡಿ ಎನ್ನುತ್ತಿದ್ದಳು. ಅದನ್ನು ಅವಳು ತಮಾಷೆಗೆ ಹೇಳುತ್ತಿರಲಿಲ್ಲ.

ಮಾದರಿ ರೈಲುಗಳ ಹುಚ್ಚು ಹಿಡಿಸಿಕೊಂಡ ಒಂದು ಕ್ಲಬ್ಬು ಆ ಊರಿನಲ್ಲಿತ್ತು. ಸದ್ದಿನಕ್ಕ ಎಂಬ ಹೆಸರು ಇಟ್ಟವರು ಅದರ ಸದಸ್ಯರೇ. ಮೊದಲು ಅವಳು ಕಿವಿ ಮಂದವಾದವರಿಗೆ ಯಂತ್ರ ಮಾರುವ ಅಂಗಡಿಯಲ್ಲಿ ಗುಡಿಸಿ ಒರೆಸುವ ಕೆಲಸಕ್ಕಿದ್ದಳು. ಅಲ್ಲಿ ಕಾಳಿನಷ್ಟು ಸ್ಪೀಕರುಗಳನ್ನು ಬಿಡಿಸಿ ಗುಗ್ಗೆ ತೆಗೆಯುವುದನ್ನು ನೋಡಿ ನೋಡಿಯೇ ಕಲಿತಳು. ರೈಲ್ವೆಯ ಸಿಗ್ನಲ್ ಕೋಣೆಯಿಂದ ನಿವೃತ್ತರಾಗಿ ಎಲ್ಲರಿಗೂ ಸಿಗ್ನಲ್ ಮಾವನಾಗಿದ್ದ ಮುದುಕರೊಬ್ಬರು ಒಂದು ದಿನ ತಮ್ಮ ಕಿವಿಯ ಯಂತ್ರದ ಪಕ್ಕದಲ್ಲಿ ಮೂಕವಾದ ಪುಟ್ಟ ಇಂಜಿನ್ನೊಂದನ್ನೂ ಇಟ್ಟು, ಇದರ ಗಂಟಲನ್ನೂ ಒಂದಿಷ್ಟು ನೋಡಮ್ಮಾ ಅಂದರು. ಸಂಜೆಗೆ ಅದು ಶಿಳ್ಳೆ ಹಾಕಿತು. ಅಲ್ಲಿಂದ ಕ್ಲಬ್ಬಿನ ಕೆಲಸವೆಲ್ಲ ಅವಳ ಮೇಜಿಗೆ ಬರತೊಡಗಿತು. ಅಂಗಡಿ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು, ಕ್ಲಬ್ಬೇ ಅನ್ನವಾಯಿತು.

ಆ ದಿನ ಕಿಟಕಿ ತೆರೆಯುವುದಕ್ಕೂ ಹಲ್ಲಿನ ಡಾಕ್ಟರು ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ಅವರು ಕ್ಲಬ್ಬಿನ ಕಾರ್ಯದರ್ಶಿ. ಕೈಯಲ್ಲಿ ಅವರ ಕಪ್ಪು ಉಗಿ ಇಂಜಿನ್ನಿನ ಪೆಟ್ಟಿಗೆ. ಆ ಪೆಟ್ಟಿಗೆ ಬರುತ್ತಿದ್ದುದು ಮೂರನೇ ಸಲ. ಮೊದಲ ಸಲ ಶಿಳ್ಳೆಯ ಜೊತೆ ಗರಗರ ಸದ್ದು ಬರುತ್ತಿದೆ ಅಂದಿದ್ದರು. ಅವಳು ಸ್ಪೀಕರ್ ಬದಲಾಯಿಸಿದ್ದಳು. ಸ್ವಲ್ಪ ದಿನಕ್ಕೆ ಮತ್ತೆ ಗರಗರ; ಮತ್ತೆ ಬದಲಾಯಿಸಿದ್ದಳು. ಈ ಸಲ ಡಾಕ್ಟರು ಕುರ್ಚಿ ಎಳೆದುಕೊಳ್ಳಲಿಲ್ಲ.

"ಈಗ ಗರಗರಾನೂ ಇಲ್ಲಮ್ಮಾ. ಪೂರ್ತಿ ಬಾಯಿ ಮುಚ್ಚಿದೆ."

ಇನ್ನುಳಿದದ್ದನ್ನು ಅವರು ನೆಲ ನೋಡುತ್ತಾ ಹೇಳಿದರು. ಅವಳು ರಿಪೇರಿ ಮಾಡಿಕೊಟ್ಟ ಬೇರೆ ಇಂಜಿನ್ನುಗಳೂ ಗರಗರ ಅನ್ನತೊಡಗಿವೆ. ಸದ್ದಿನಕ್ಕ ಈಚೆಗೆ ಅಗ್ಗದ ಸ್ಪೀಕರ್ ಹಾಕುತ್ತಾಳೆ ಎಂಬ ಮಾತು ಹುಟ್ಟಿಕೊಂಡಿದೆ. ಸಂಜೆ ಕಮಿಟಿ ಕೂರುತ್ತದೆ. ರಿಪೇರಿಯನ್ನೆಲ್ಲ ಬೇರೆ ಊರಿನ ದೊಡ್ಡ ಅಂಗಡಿಗೆ ಕಳಿಸೋಣ ಎಂದು ಕೆಲವರು ಪಟ್ಟು ಹಿಡಿದಿದ್ದಾರೆ. ಅವಳ ಪರವಾಗಿ ಆಡಲು ತಮ್ಮ ಬಳಿ ಮಾತು ಉಳಿದಿಲ್ಲ ಎಂದು ಪೆಟ್ಟಿಗೆ ಮೇಜಿನ ಮೇಲಿಟ್ಟು ಹೊರಟುಹೋದರು.

ಸ್ಪೀಕರುಗಳನ್ನು ಅವಳು ಯಾವಾಗಲೂ ತರಿಸುತ್ತಿದ್ದ ಕಡೆಯಿಂದಲೇ ತರಿಸಿದ್ದಳು, ಎಂದಿನ ತರದ್ದನ್ನೇ. ಆದರೆ ಅದನ್ನು ನಂಬುವವರು ಯಾರು?

ಬಾಗಿಲು ಹಾಕಿಕೊಂಡು ಕಪ್ಪು ಇಂಜಿನ್ನನ್ನು ಹಳಿಗೇರಿಸಿದಳು. ದೀಪ ಹತ್ತಿತು, ಚಕ್ರ ತಿರುಗಿತು, ಸದ್ದಿಲ್ಲ. ಸದ್ದಡಗಿಸುವ ಗುಂಡಿಯನ್ನು ಯಾರಾದರೂ ಒತ್ತಿಟ್ಟಿದ್ದಾರೆಯೇ ನೋಡಿದಳು, ಇಲ್ಲ. ಇಂಜಿನ್ನಿನೊಳಗೆ ಸದ್ದು ಹುಟ್ಟಿಸುವ ಚಿಪ್‌ನಲ್ಲಿ ಸದ್ದಿನ ಮಟ್ಟ ಸೊನ್ನೆಗೆ ಇಳಿದಿದೆಯೇ ನೋಡಿದಳು; ಅದೂ ಸರಿಯಿತ್ತು. ಮೇಲಿನ ಕವಚ ಬಿಚ್ಚಿ, ಸ್ಪೀಕರಿನ ತಂತಿಗಳನ್ನು ಬಿಡಿಸಿ, ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಬೇರೊಂದು ಸ್ಪೀಕರಿಗೆ ಸಿಕ್ಕಿಸಿದಳು. ಇಂಜಿನ್ ಉಸಿರುಬಿಟ್ಟಿತು. ಹಾಗಾದರೆ ಚಿಪ್ ಸುಟ್ಟಿಲ್ಲ. ಎದೆಯ ಮೇಲಿಂದ ಒಂದು ಕಲ್ಲು ಇಳಿಯಿತು, ಕೂಡಲೇ ಇನ್ನೊಂದು ಏರಿತು. ದೋಷ ಇರುವುದು ತಾನು ಹಾಕಿದ ಸ್ಪೀಕರಿನಲ್ಲೇ.

ಆ ಸ್ಪೀಕರಿನ ತುದಿಗಳಿಗೆ ಪೆನ್ಸಿಲ್ ಸೆಲ್ ಮುಟ್ಟಿಸಿದಳು. ಒಳ್ಳೆಯದಾದರೆ ಟಕ್ ಅನ್ನಬೇಕು. ಇದು ಚರ್ ಅಂದಿತು, ಬಾಯಲ್ಲಿ ಮರಳು ಇದ್ದವರು ಮಾತಾಡಿದ ಹಾಗೆ. ಮರಳು ಎಲ್ಲಿಂದ ಬಂತು? ಆಗ ಅವಳಿಗೆ ಇನ್ನೊಂದು ಹೊಳೆಯಿತು. ಹಿಂದಿನ ಎರಡು ಸಲವೂ ಸ್ಪೀಕರ್ ಕೆಟ್ಟಿದೆ ಎಂದು ಕಿತ್ತು ಡಬ್ಬಿಗೆ ಎಸೆದಿದ್ದಳೇ ಹೊರತು, ಯಾಕೆ ಕೆಟ್ಟಿತು ಎಂದು ಕೇಳಿಕೊಂಡಿರಲಿಲ್ಲ. ಅಂಟು ಹಾಕಿ ಮುಚ್ಚಿದ ಚಿಕ್ಕ ಪೆಟ್ಟಿಗೆ ಅದು. ಬಿಚ್ಚಲು ಅರ್ಧ ದಿನ ಬೇಕು, ಹೊಸದು ಹಾಕಲು ಗಳಿಗೆ ಸಾಕು. ಆ ಸುಲಭಕ್ಕೆ ಅವಳೂ ಬಿದ್ದಿದ್ದಳು.

ಬ್ಲೇಡಿನಿಂದ ಅಂಟು ಸೀಳಿ, ಕನ್ನಡಕದ ಮೇಲೆ ಭೂತಗಾಜು ಹಿಡಿದು ನೋಡಿದಳು. ಸದ್ದು ಹೊರಬರುವ ತೂತಿನಿಂದ ಎಳೆಸಿಕೊಂಡು ಬಂದ ಸಣ್ಣ ಕೂದಲುಗಳು ಅಯಸ್ಕಾಂತದ ಸುತ್ತ ನಿಂತಿದ್ದವು, ಎರಡು ದಿನ ಗಡ್ಡ ಹೆರೆಯದವರ ಕೆನ್ನೆಯ ಹಾಗೆ. ಉದ್ದದ್ದೊಂದು ಎರಡೂ ತಂತಿಗಳ ಬೆಸುಗೆಗೆ ತಾಗಿ ಅಡ್ಡ ಮಲಗಿತ್ತು. ಹಾಗೆ ಶಾರ್ಟ್ ಆದದ್ದಕ್ಕೇ ಚಿಪ್ ತನ್ನ ಜೀವ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿತ್ತು. ಡಬ್ಬಿಯಿಂದ ಹಳೆಯವೆರಡನ್ನೂ ಹುಡುಕಿ ಸೀಳಿದಳು. ಅವಕ್ಕೂ ಅದೇ ಗಡ್ಡ.

ಚಕ್ರ ಸವೆದರೆ ಬೀಳುವುದು ಕಪ್ಪು ಪುಡಿ. ಇದು ಪುಡಿಯಲ್ಲ, ಹೊಳೆಯುವ ಎಳೆ. ಎಲ್ಲೋ ನೋಡಿದ್ದೇನೆ ಅನಿಸಿತು, ನೆನಪಾಗಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಕಲ್ಲಿನ ಬಳಿ ಉಕ್ಕಿನ ನಾರಿನ ಪೊಟ್ಟಣ ಚಪ್ಪಟೆಯಾಗಿ ಬಿದ್ದಿತ್ತು. ಮೊನ್ನೆ ಮೊನ್ನೆ ತಂದದ್ದು. ಈಚೆಗೆ ನಾರು ಬೇಗ ಮುಗಿಯುತ್ತಿದೆ, ನನ್ನ ಕೈಯೇ ಒರಟಾಯಿತೇನೋ ಎಂದುಕೊಂಡಿದ್ದಳು. ಉಳಿದಿದ್ದ ಚೂರಿನಿಂದ ಒಂದು ಎಳೆ ಕಿತ್ತು ಓಡಿಬಂದು ಗಾಜಿನ ಕೆಳಗೆ ಇಟ್ಟಳು. ಎರಡೂ ಒಂದೇ.

ಆ ಮನೆಯಲ್ಲಿ ಇದ್ದವರು ಅವಳು, ಗಂಡ ಮತ್ತು ಅಣ್ಣ. ಅಣ್ಣ ಈಗ ಕ್ಲಬ್ಬಿನವರು ರೈಲು ಓಡಿಸುವ ಹಾಲ್ ನೋಡಿಕೊಂಡು ಅಲ್ಲಿನ ಹಳಿ ಒರೆಸುವವನು. ಮುದ್ರಣಾಲಯ ಮುಚ್ಚಿ ಕೆಲಸ ಹೋದ ಮೇಲೆ ಅವನು ಹಿಂದಿನ ಕೋಣೆಯಲ್ಲಿ ಕುಳಿತು, ಮಡಿಸಿದ ಹೊದಿಕೆಯನ್ನೇ ಮತ್ತೆ ಬಿಡಿಸಿ ಮಡಿಸುತ್ತಾ ದಿನ ನೂಕುತ್ತಿದ್ದ. ಅಣ್ಣ ಜೋಪಾನದ ಮನುಷ್ಯ ಎಂದು ಇವಳೇ ಡಾಕ್ಟರಿಗೆ ಹೇಳಿ ಸೇರಿಸಿದ್ದಳು. ಈಚೆಗೆ ಅವನು ಗಡ್ಡ ಹೆರೆದುಕೊಳ್ಳುವಾಗ ಸಣ್ಣಗೆ ಹಾಡಿಕೊಳ್ಳುತ್ತಿದ್ದ. ಅವನ ಕೆಲಸ ಖಾಯಂ ಮಾಡುವ ಮಾತೂ ಇವತ್ತಿನ ಕಮಿಟಿಯಲ್ಲೇ ಇತ್ತು.

ಸ್ಪೀಕರುಗಳನ್ನು ಬಿಳಿ ಕಾಗದದಲ್ಲಿ ಸುತ್ತಿಕೊಂಡಳು. ಕಪ್ಪು ಇಂಜಿನ್ನಿಗೆ ಹೊಸ ಸ್ಪೀಕರ್ ಬೆಸೆದು, ಅದನ್ನೂ ಒಂದು ಅಯಸ್ಕಾಂತವನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು.

ಹಾಲ್ ಇದ್ದದ್ದು ಪೀಠೋಪಕರಣದ ಅಂಗಡಿಯೊಂದರ ಮೇಲೆ. ಗೋಡೆಯಿಂದ ಗೋಡೆಗೆ ಹಲಗೆ ಹಾಸಿ, ಗಾರೆಯ ಗುಡ್ಡ, ಸುರಂಗ, ಬೆಂಕಿಪೆಟ್ಟಿಗೆಯಷ್ಟು ನಿಲ್ದಾಣಗಳು. ದೂರದ ತಿರುವಿನ ಬಳಿ ಅಣ್ಣ ಮಂಡಿಯೂರಿ ಕುಳಿತಿದ್ದ. ಅವಳನ್ನು ಕಂಡು ಮುಖ ಅರಳಿಸಿದ.

"ನೋಡು ಹೇಗೆ ಹೊಳೀತಿದೆ. ಡಾಕ್ಟ್ರು ಹಳಿ ನೋಡ್ಕೊಂಡೇ ತಲೆ ಬಾಚ್ಕೋಬಹುದು. ಕೂದಲೊಂದಿದ್ದಿದ್ರೆ."

ಅವಳು ನಗಲಿಲ್ಲ. ಅಯಸ್ಕಾಂತಕ್ಕೆ ಕಾಗದ ಸುತ್ತಿ ಹಳಿಯ ಮೇಲೆ ಒಂದು ಗೇಣು ಎಳೆದು, ಎತ್ತಿ ತೋರಿಸಿದಳು. ಅದಕ್ಕೆ ಇಲಿಯ ಮೈಯ ಹಾಗೆ ತುಪ್ಪಳ ಹುಟ್ಟಿತ್ತು. ಅಣ್ಣ ಅದನ್ನು ನೋಡಿದ, ತನ್ನ ಕೈಯಲ್ಲಿದ್ದ ನಾರಿನ ಉಂಡೆಯನ್ನು ನೋಡಿದ. ಅವನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ ಅವನು ನಿಧಾನವಾಗಿ ಹೇಳಿಕೊಂಡ. ಸೇರಿದ ಹೊಸತರಲ್ಲಿ ಹಳಿ ಕೊಳೆಯಾಗಿ ಇಂಜಿನ್ನುಗಳು ಮುಗ್ಗರಿಸುತ್ತಿದ್ದವು, ಶಿಳ್ಳೆ ಅರ್ಧಕ್ಕೆ ಕಡಿದುಹೋಗುತ್ತಿತ್ತು. ಇದೇನಾ ಒರೆಸಿದ್ದು ಎಂದು ಡಾಕ್ಟರು ಎಲ್ಲರೆದುರು ಕೇಳಿದ್ದರು. ಬಟ್ಟೆಗೆ ಸ್ಪಿರಿಟ್ ಹಾಕಿ ತಿಕ್ಕಿ ತಿಕ್ಕಿ ತೋಳು ಬಿದ್ದುಹೋದರೂ ಕಪ್ಪು ಬಿಡಲಿಲ್ಲ. ತಳ ಹಿಡಿದ ಪಾತ್ರೆಯೇ ನಾರಿನಿಂದ ಬೆಳಗುವಾಗ ಹಳಿ ಬೆಳಗದೇ ಎಂದುಕೊಂಡ. ಬೆಳಗಿತು. ಯಾರನ್ನಾದರೂ ಕೇಳಿದರೆ ಕೆಲಸ ಬಾರದವನು ಅಂದಾರು ಎಂದು ಕೇಳಲಿಲ್ಲ.

"ಇವತ್ತೊಂದು ದಿನ ಸ್ಪೀಕರೇ ಕೆಟ್ಟದ್ದು ಬಂದಿತ್ತು ಅಂದುಬಿಡು. ನಾಳೆಯಿಂದ ನಾರು ಮುಟ್ಟಲ್ಲ ಕಣೇ."

"ಎಲ್ಲರ ಇಂಜಿನ್ನೊಳಗೂ ಹೊಕ್ಕಿದೆ ಅಣ್ಣಾ. ಮೋಟರಿಗೆ ಹತ್ತಿದ್ರೆ ಸುಟ್ಟೇ ಹೋಗುತ್ತೆ."

"ಹಾಗಾದ್ರೆ ಹೇಳ್ತೀಯ."

"ನನ್ನ ಪಾಲಿಂದು ನಾನು ಹೇಳ್ತೀನಿ. ನಿನ್ನ ಹೆಸರು ನಾನಾಗಿ ಎತ್ತಲ್ಲ."

"ನಾನೂ ಎತ್ತದಿದ್ರೆ?"

ಅವಳು ಅಯಸ್ಕಾಂತವನ್ನು ಅವನ ಕೈಗಿಟ್ಟಳು. ಸದಸ್ಯರು ಮೆಟ್ಟಿಲು ಹತ್ತುವ ಸದ್ದು ಕೇಳಿಸುವ ತನಕ ಅಣ್ಣ ತಂಗಿ ಇಬ್ಬರೂ ನಿಲ್ದಾಣದ ಹಳಿಗಳನ್ನು ಗುಡಿಸಿದರು.

ಕಮಿಟಿ ಕೂತಿತು. ಅವಳು ಕಪ್ಪು ಇಂಜಿನ್ನನ್ನು ಗುಡಿಸಿದ ಹಳಿಯ ಮೇಲಿಟ್ಟಳು. ಶಿಳ್ಳೆ ಗಾಜಿನಷ್ಟು ಸ್ವಚ್ಛವಾಗಿ ಬಂತು. ಇದಕ್ಕೆ ತಮ್ಮ ಕಿವಿಯ ಯಂತ್ರವೇ ಬೇಡ ಎಂದು ಸಿಗ್ನಲ್ ಮಾವ ಅಂದಾಗ ಒಂದಿಬ್ಬರು ನಕ್ಕರು. ಡಾಕ್ಟರು ನಗಲಿಲ್ಲ. ಹೋದ ಸಲವೂ ಹೀಗೇ ಬಂದಿತ್ತು, ಆಮೇಲೆ ಏನಾಯಿತು ಎಂದು ಕೇಳಿದರು.

ಅವಳು ಕಾಗದ ಬಿಡಿಸಿ ಮೂರು ಗಡ್ಡದ ಸ್ಪೀಕರುಗಳನ್ನು ಮುಂದಿಟ್ಟಳು. ಉಕ್ಕಿನ ಎಳೆ ಒಳಗೆ ಸೇರಿ ಹೀಗಾಗಿದೆ, ಹಿಂದಿನ ಎರಡು ಸಲ ತಾನು ಬಿಚ್ಚಿ ನೋಡದೆ ಹೊಸದು ಹಾಕಿದ್ದು ತಪ್ಪು, ನೋಡಿದ್ದರೆ ಮೊದಲ ಸಲವೇ ತಿಳಿಯುತ್ತಿತ್ತು ಎಂದು ಹೇಳಿದಳು. ಡಾಕ್ಟರು ಜೇಬಿನಿಂದ ತಮ್ಮ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಇಂಜಿನ್ನಿನ ಹೊಟ್ಟೆಯ ಕೆಳಗೆ ಹಿಡಿದರು. ಬಹಳ ಹೊತ್ತು ತಿರುಗಿಸಿ ನೋಡಿದರು.

"ಇಲ್ಲಿನ್ನೂ ಒಂದಿದೆ. ಮೋಟರ್ ಪಕ್ಕದಲ್ಲಿ."

ಅದನ್ನು ಅವಳು ಕಂಡಿರಲಿಲ್ಲ. ಕಿವಿ ಬಿಸಿಯಾಯಿತು. ಡಾಕ್ಟರು ನಡುಗದ ಕೈಯಿಂದ ಎಳೆಯನ್ನು ಚಿಮುಟದಲ್ಲಿ ಹಿಡಿದು ಹೊರತೆಗೆದು ಬೆಳಕಿಗೆ ಹಿಡಿದರು.

"ಸರಿ. ಇದು ಬಂದದ್ದೆಲ್ಲಿಂದ?"

ಅವಳು ಬಿಳಿ ಕಾಗದವನ್ನೇ ನೋಡುತ್ತಿದ್ದಳು. ಬಾಗಿಲ ಬಳಿ ಅಣ್ಣ ನಿಂತಿದ್ದ ಕಡೆಗೆ ತಿರುಗಲಿಲ್ಲ. ತಿರುಗಿದರೆ ಅದೇ ಬೆರಳು ತೋರಿದ ಹಾಗೆ. ಮೈಯೆಲ್ಲ ಕಿವಿಯಾಗಿ ಕೂತಳು. ದೇವರೇ, ಅವನ ಬಾಯಿ ತೆರೆಸು, ನನ್ನದನ್ನು ಮುಚ್ಚಿಸು ಎಂದಷ್ಟೇ ಒಳಗೊಳಗೆ ಅಂದುಕೊಂಡಳು. ಕುರ್ಚಿಯೊಂದು ಕಿರುಗುಟ್ಟಿತು. ಸ್ಪೀಕರಿನ ಜೊತೆಗೇ ಬಂದಿರಬೇಕು, ಅಗ್ಗದ ಮಾಲಿನ ಹಣೆಬರಹವೇ ಇಷ್ಟು ಎಂದು ಹಿಂದಿನಿಂದ ಯಾರೋ ಅಂದರು. ಮತ್ತೊಬ್ಬರು ಹೌದೆಂದರು. ದೊಡ್ಡ ಅಂಗಡಿಯ ಹೆಸರು ಎತ್ತಿದರು. ಅವಳು ನಾಲಿಗೆ ಕಚ್ಚಿ ಹಿಡಿದಳು. ಡಾಕ್ಟರು ಪೆನ್ನು ಕೈಗೆತ್ತಿಕೊಂಡರು.

ಆಗ ಹೆಜ್ಜೆಯ ಸದ್ದಾಯಿತು. ಅಣ್ಣ ಬಂದು ನಾರಿನ ಉಂಡೆಯನ್ನು ಸ್ಪೀಕರುಗಳ ಪಕ್ಕ ಇಟ್ಟ.

"ಇದರದ್ದು. ಹಳಿ ಉಜ್ಜಿದ್ದು ನಾನು. ಅವಳಿಗೆ ಗೊತ್ತಿರ್ಲಿಲ್ಲ."

ಹಾಲಿನಲ್ಲಿ ಗದ್ದಲ ಎದ್ದಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಇಂಜಿನ್ನುಗಳನ್ನು ಬುಡಮೇಲು ಮಾಡಿ ಹೊಟ್ಟೆ ನೋಡತೊಡಗಿದರು. ಇಂಥವನನ್ನು ಇಟ್ಟುಕೊಂಡದ್ದೇ ತಪ್ಪು ಎಂದು ಕೆಲವರು ಕೂಗಾಡಿದರು. ಸಿಗ್ನಲ್ ಮಾವ ಮಾತ್ರ, ಅಪಾಯವಿದೆ ಎಂದು ಕೆಂಪು ದೀಪ ತಾನೇ ಹೊತ್ತಿಸಿದವನ ಮೇಲೆ ರೇಗಬೇಡಿ ಎಂದು ಮೆಲ್ಲಗೆ ಅಂದರು. ಕೊನೆಗೆ ರಿಪೇರಿ ಸದ್ದಿನಕ್ಕನ ಹತ್ತಿರವೇ ಇರಲಿ ಎಂದಾಯಿತು. ಅಣ್ಣನ ಕೆಲಸ ಖಾಯಂ ಆಗಲಿಲ್ಲ. ಹಾಲಿನ ಹಳಿಯನ್ನೆಲ್ಲ ಅಯಸ್ಕಾಂತದಿಂದ ಗುಡಿಸಿ, ತಂಗಿಯ ಜೊತೆ ಕೂತು ಎಲ್ಲ ಇಂಜಿನ್ನುಗಳನ್ನೂ ಬಿಚ್ಚಿ ಶುಚಿ ಮಾಡಲಿ, ಆಮೇಲೆ ನೋಡೋಣ ಅಂದರು. ನೋಡೋಣ ಎಂದವರ ಮುಖದಲ್ಲಿ ಹೌದೂ ಇರಲಿಲ್ಲ, ಇಲ್ಲವೂ ಇರಲಿಲ್ಲ.

ಇಬ್ಬರೂ ಮೆಟ್ಟಿಲು ಇಳಿಯುತ್ತಿದ್ದಾಗ ಡಾಕ್ಟರು ಹಿಂದಿನಿಂದ ಬಂದರು. ಅಣ್ಣ ನಾಲ್ಕು ಮೆಟ್ಟಿಲು ಕೆಳಗಿದ್ದ, ಅಲ್ಲೇ ನಿಂತ. ಎಲ್ಲರೆದುರು ಆ ದಿನ ಇದೇನಾ ಒರೆಸಿದ್ದು ಅಂತ ಕೇಳಬಾರದಿತ್ತು ಎಂದು ಡಾಕ್ಟರು ಮೊದಲು ಗೋಡೆಗೆ ಹೇಳುವವರಂತೆ ಹೇಳಿದರು. ಆಮೇಲೆ ದನಿ ತಗ್ಗಿಸಿದರು.

"ಬೋರ್ಡಿಗೆ ನೋಟಿಸು ಬರೆಯೋನು ನಾನೇ. ಇವತ್ತು ಬಾರದ ಸದಸ್ಯರೇ ಜಾಸ್ತಿ. ಸ್ಪೀಕರ್ ಕೆಟ್ಟದ್ದು ಬಂದಿತ್ತು, ಬದಲಾಯಿಸ್ತಾ ಇದ್ದಾರೆ ಅಂತ ಬರೆದುಬಿಡ್ತೀನಿ. ಸ್ಪೀಕರ್ ಮಾಡಿದ ಕಂಪನಿಯೋರು ಎಲ್ಲೋ ದೂರದಲ್ಲಿದ್ದಾರೆ, ಅವರಿಗೇನೂ ನಷ್ಟ ಇಲ್ಲ. ನಿಮ್ಮ ಹೆಸರೂ ಉಳಿಯುತ್ತೆ, ನಿಮ್ಮಣ್ಣನ ಖಾಯಂ ಮಾತನ್ನೂ ನಾನು ಮುಂದಿನ ಸಲ ಸಲೀಸಾಗಿ ಎತ್ತಬಹುದು."

ಅಣ್ಣ ಕೆಳಗಿನಿಂದ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದ. ಬೇಕು ಎಂದೂ ಅವನ ಕಣ್ಣು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವಳಿಗೆ ಒಂದು ಕ್ಷಣ ಅವನು ಹಿಂದಿನ ಕೋಣೆಯಲ್ಲಿ ಹೊದಿಕೆ ಮಡಿಸುತ್ತಾ ಕೂತದ್ದು ಕಣ್ಣ ಮುಂದೆ ಬಂತು. ಮೆಟ್ಟಿಲಿನ ಕಂಬಿ ಹಿಡಿದುಕೊಂಡಳು.

"ಬೇಡ ಡಾಕ್ಟ್ರೇ. ಹಾಗೆ ಬರೆದ್ರೆ ತಮ್ಮ ಮನೇಲೂ ಹೀಗೇ ನಾರು ಹಿಡಿದು ಹಳಿ ಉಜ್ಜೋ ಸದಸ್ಯರು ಉಜ್ತಾನೇ ಇರ್ತಾರೆ. ಇದ್ದದ್ದನ್ನೇ ಬರೀರಿ. ಬಿಚ್ಚಿ ನೋಡದೆ ಎರಡು ಸಲ ಸ್ಪೀಕರ್ ಹಾಕಿದ್ದು ನಾನು ಅನ್ನೋದನ್ನೂ ಬಿಡಬೇಡಿ."